ಪ್ರತಿಯಲ್ಲಿ ಕಳೆದ ಬಣ್ಣಗಳು

ಓಲೆಗರಿಯ ಗ್ರಂಥಗಳನ್ನು ಪ್ರತಿಮಾಡುತ್ತಿದ್ದ ಲಿಪಿಕಾರನಿಗೆ ಮೂಲದಲ್ಲಿ ಯಾವುದಾದರೊಂದು ಅಕ್ಷರ ತಿಳಿಯದೆ ಹೋದರೆ ಅವನ ಮುಂದೆ ಎರಡು ದಾರಿಗಳಿದ್ದವು. ಪ್ರಾಮಾಣಿಕನಾದವನು ಅಷ್ಟು ಸ್ಥಳವನ್ನು ಬರಿದಾಗಿ ಬಿಟ್ಟು ಮುಂದಕ್ಕೆ ಹೋಗುತ್ತಿದ್ದನು. ಇಲ್ಲಿ ಗ್ರಂಥಪಾತವಾಗಿದೆಯೆಂದು ಓದುವವನಿಗೆ ಕೂಡಲೆ ತಿಳಿಯುತ್ತಿತ್ತು. ಆತುರಗಾರನಾದರೋ ತನಗೆ ತೋಚಿದ್ದನ್ನು ಬರೆದು ಸಾಲನ್ನು ಮುಗಿಸಿಬಿಡುತ್ತಿದ್ದನು. ಈ ಎರಡನೆಯವನ ಪ್ರತಿ ನೋಡುವುದಕ್ಕೆ ಅಂದವಾಗಿಯೇ ಇರುತ್ತದೆ. ಅದರ ತಪ್ಪು ಹೊರಬೀಳಬೇಕಾದರೆ ಬೇರೊಂದು ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕು. ಗಣಕಯಂತ್ರಗಳು ರಾತ್ರಿ ರಾತ್ರಿ ಮಾಡಿಡುವ ಪ್ರತಿಗಳಲ್ಲಿಯೂ ಈ ಎರಡನೆಯ ಬಗೆಯ ಲಿಪಿಕಾರರಿದ್ದಾರೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಅಂಥ ಒಬ್ಬನ ದೋಷವನ್ನೂ ಅದನ್ನು ಸರಿಪಡಿಸುವ ಬಗೆಯನ್ನೂ ಇಲ್ಲಿ ವಿವರಿಸುತ್ತೇವೆ.

ಕೋಷ್ಟಕಗಳಲ್ಲಿ ಕ್ರಮವಾಗಿ ತುಂಬಿಟ್ಟ ವಿವರಗಳ ರಾಶಿಗೆ ದತ್ತಸಂಚಯವೆಂದು ಹೆಸರು. ಇಂದು ಅದರ ಹಂಗಿಲ್ಲದೆ ಬದುಕುವವರು ವಿರಳ. ದೇವನಹಳ್ಳಿಯ ರೈತನೊಬ್ಬನಿಗೆ ಪಹಣಿ ಬೇಕಾದರೆ ಹಿಂದಿನಂತೆ ಶ್ಯಾನುಭೋಗರ ದಫ್ತರವನ್ನು ಬಿಚ್ಚಬೇಕಾಗಿಲ್ಲ; ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಈ ಶತಮಾನದ ಆರಂಭದಲ್ಲಿಯೇ ಗಣಕವನ್ನೇರಿದವು. ದಫ್ತರಕ್ಕೆ ಗೆದ್ದಲಿನ ಭಯವಿದ್ದರೆ ಗಣಕಕ್ಕೆ ಬೇರೆ ಭಯಗಳಿವೆ. ವಿವರಗಳನ್ನು ಹೊತ್ತ ಡಿಸ್ಕು ಯಾವ ಮುನ್ಸೂಚನೆಯೂ ಇಲ್ಲದೆ ಕೆಟ್ಟು ನಿಲ್ಲಬಹುದು; ಕೆಲಸಗಾರನ ಬೆರಳು ತಪ್ಪಬಹುದು. ಆದಕಾರಣ ಎಲ್ಲ ವಿವರಗಳ ಒಂದು ಪ್ರತಿಯನ್ನು ಆಗಾಗ ತೆಗೆದು ಬೇರೆಡೆ ಇಡುತ್ತಾರೆ. ಇದೇ ಬ್ಯಾಕಪ್. ಇದನ್ನು ಮಾಡುವುದಕ್ಕೆಂದೇ ಪ್ರತ್ಯೇಕ ತಂತ್ರಾಂಶಗಳಿವೆ.

ಬ್ಯಾಕಪ್ ಕೈಕೊಡುವ ಒರಟು ರೀತಿಯೊಂದಕ್ಕೆ ಪ್ರಸಿದ್ಧ ಉದಾಹರಣೆಯಿದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ಒಬ್ಬ ತಂತ್ರಜ್ಞರು ಒಂದು ಯಂತ್ರವೆಂದು ಭಾವಿಸಿ ಮತ್ತೊಂದರ ಮೇಲಿದ್ದ ದತ್ತಸಂಚಯವನ್ನು ಅಳಿಸಿಬಿಟ್ಟರು. ಬ್ಯಾಕಪ್ಪನ್ನು ತೆರೆದು ನೋಡಿದರೆ ಉಗ್ರಾಣ ಬರಿದಾಗಿತ್ತು. ದತ್ತಸಂಚಯ ಪೋಸ್ಟ್‌ಗ್ರೆಸ್‌ನ 9.6ನೆಯ ಆವೃತ್ತಿಯದು; ಪ್ರತಿ ತೆಗೆಯುವ ತಂತ್ರಾಂಶ 9.2ನೆಯದು. ಹೊಂದಿಕೆಯಿಲ್ಲದೆ ಅದು ಪ್ರತಿಸಲವೂ ಕೆಲಸ ನಿಲ್ಲಿಸುತ್ತಿತ್ತು. ಹಾಗೆಂದು ತಿಳಿಸುವ ಮಿಂಚಂಚೆಗಳನ್ನು ಅಂಚೆವ್ಯವಸ್ಥೆಯೇ ತಿರಸ್ಕರಿಸುತ್ತಿತ್ತು. ಅದೃಷ್ಟವಶಾತ್ ಸುಮಾರು ಆರು ಗಂಟೆಗಳ ಹಿಂದೆ ಬೇರೊಂದು ಉದ್ದೇಶಕ್ಕಾಗಿ ತೆಗೆದಿದ್ದ ಪ್ರತಿಯೊಂದು ದೊರೆತು ಸಂಸ್ಥೆ ಬದುಕಿಕೊಂಡಿತು. ಇಲ್ಲಿ ಪ್ರತಿಯೇ ಹುಟ್ಟಿರಲಿಲ್ಲ. ಒಬ್ಬರು ಉಗ್ರಾಣದ ಬಾಗಿಲು ತೆರೆದು ನೋಡಿದ್ದರೂ ಸಾಕಾಗಿತ್ತು. ನಾವು ಹೇಳಹೊರಟಿರುವ ದೋಷ ಇದಕ್ಕಿಂತ ಸೂಕ್ಷ್ಮವಾದುದು. ಅದರಲ್ಲಿ ಪ್ರತಿ ಹುಟ್ಟುತ್ತದೆ, ತೂಕವೂ ಸರಿಯಾಗಿರುತ್ತದೆ, ಮರಳಿ ತುಂಬಿದರೆ ತಕರಾರಿಲ್ಲದೆ ತುಂಬಿಕೊಳ್ಳುತ್ತದೆ.

ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ಸಂದರ್ಭವನ್ನು ತೆಗೆದುಕೊಳ್ಳೋಣ. ದೊಡ್ಡಬಳ್ಳಾಪುರ ಮಗ್ಗಗಳ ಊರು. ಅಲ್ಲಿ ರೇಷ್ಮೆ ಸೀರೆ ನೇಯಿಸುವ ಒಬ್ಬ ಯಜಮಾನರು ಅಂಗಡಿಗಳಿಂದ ಬರುವ ಬೇಡಿಕೆಗಳನ್ನು ಗಣಕದಲ್ಲಿ ಬರೆದಿಡುತ್ತಾರೆಂದು ಭಾವಿಸಿರಿ. ಅಂಗಡಿಯವರು ಬಣ್ಣವನ್ನು ಹೆಸರಿನಿಂದ ತಿಳಿಸುವ ಬದಲು ಫೋನಿನಲ್ಲಿರುವ ಬಣ್ಣದ ಬೊಟ್ಟುಗಳನ್ನು ಒತ್ತಿ ಕಳಿಸುತ್ತಾರೆ: ಮೊದಲನೆಯ ಬೊಟ್ಟು ಸೀರೆಯ ಒಡಲಿಗೆ, ಎರಡನೆಯದು ಅಂಚಿಗೆ. ಕೆಂಪು ಬೊಟ್ಟಿನ ಮುಂದೆ ನೀಲಿ ಬೊಟ್ಟಿದ್ದರೆ ಕೆಂಪೊಡಲು, ನೀಲಿಯಂಚು. ಯಜಮಾನರ ದತ್ತಸಂಚಯ ಮೈಎಸ್‌ಕ್ಯೂಎಲ್ ಎಂಬ ಜನಪ್ರಿಯ ವ್ಯವಸ್ಥೆಯದು; ಪ್ರತಿರಾತ್ರಿ ಅದರ ಜೊತೆಯಲ್ಲಿಯೇ ಬರುವ ಮೈಎಸ್‌ಕ್ಯೂಎಲ್‌ಡಂಪ್ ಎಂಬ ತಂತ್ರಾಂಶದಿಂದ ಪ್ರತಿ ತೆಗೆಯುತ್ತಾರೆ. ಒಂದು ದಿನ ಡಿಸ್ಕು ಕೆಡುತ್ತದೆ. ಹಿಂದಿನ ರಾತ್ರಿಯ ಪ್ರತಿಯನ್ನು ಹೊಸ ಯಂತ್ರಕ್ಕೆ ತುಂಬುತ್ತಾರೆ. ಸಾಲುಗಳ ಎಣಿಕೆ ಸರಿ. ಕನ್ನಡದಲ್ಲಿ ಬರೆದ ಅಂಗಡಿಗಳ ಹೆಸರುಗಳೂ ಸರಿ. ಆದರೆ ಕೆಂಪು ನೀಲಿ ಬೊಟ್ಟುಗಳಿದ್ದೆಡೆಯಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳು ನಿಂತಿವೆ. ವಿಚಿತ್ರವೆಂದರೆ ಕಪ್ಪು ಬೊಟ್ಟು, ಬಿಳಿ ಬೊಟ್ಟುಗಳಿಗೆ ಏನೂ ಆಗಿಲ್ಲ! ಮಗ್ಗಕ್ಕೆ ಹಾಸು ಹೂಡುವ ಮೊದಲು ಬಣ್ಣ ನಿಶ್ಚಯವಾಗಬೇಕು. ಹೂಡಿದಮೇಲೆ ಬದಲಾಯಿಸುವುದೆಂದರೆ ರೇಷ್ಮೆಗೆ ದಂಡ. ಕಪ್ಪುಬಿಳುಪಿನ ಸೀರೆಗಳನ್ನು ಮಾತ್ರ ನೇಯ್ದು ಯಾವ ನೇಕಾರ ತಾನೆ ಜೀವಿಸಿಯಾನು?

ಕಪ್ಪು ಉಳಿದು ಕೆಂಪು ಅಳಿದದ್ದೇಕೆ? ಇದನ್ನು ತಿಳಿಯಲು ಗಣಕವು ಅಕ್ಷರಗಳನ್ನು ಇಟ್ಟುಕೊಳ್ಳುವ ಕ್ರಮವನ್ನು ನೋಡಬೇಕು. ಗಣಕಕ್ಕೆ ಅಂಕಿಗಳಲ್ಲದೆ ಬೇರೇನೂ ತಿಳಿಯದು. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಕ್ರಮಾಂಕವಿದೆ. 1991ರ ಮೊದಲ ಆವೃತ್ತಿಯಲ್ಲಿಯೇ ನಮ್ಮ ಕನ್ನಡ ಸೇರಿತು. ಆ ಕ್ರಮಾಂಕವನ್ನು ಬೈಟುಗಳಲ್ಲಿ, ಎಂದರೆ 0ರಿಂದ 255ರವರೆಗಿನ ಅಂಕಿಗಳಲ್ಲಿ, ಬರೆಯುವ ರೂಢಿಗಳಲ್ಲಿ ಯುಟಿಎಫ್8 ಎಂಬುದು ಬಹು ವ್ಯಾಪಕವಾದುದು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ಇದನ್ನು ರೂಪಿಸಿದರು. ಇದರಲ್ಲಿ ಎಲ್ಲ ಅಕ್ಷರಗಳೂ ಒಂದೇ ಅಳತೆಯವಲ್ಲ. ರೋಮನ್ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ್ದಕ್ಕೆ ಮೂರು ಬೇಕು: ‘ಕ’ ಎಂಬುದು 224, 178, 149. ‘ಸೀರೆ’ ಎಂದು ಬರೆದರೆ ಸಕಾರ, ಅದರ ದೀರ್ಘ, ರಕಾರ, ಎತ್ವ ಎಂದು ನಾಲ್ಕು ಘಟಕಗಳಾಗಿ 12 ಬೈಟುಗಳು ಖರ್ಚಾಗುತ್ತವೆ. ಮೂರು ಬೈಟುಗಳೊಳಗೆ ಹಿಡಿಸುವುದು ಪಟ್ಟಿಯ ಮೊದಲ 65,536 ಸ್ಥಾನಗಳು ಮಾತ್ರ. ಪಟ್ಟಿಯಲ್ಲಿರುವುದೋ ಹನ್ನೊಂದು ಲಕ್ಷಕ್ಕೂ ಹೆಚ್ಚು ಸ್ಥಾನಗಳು. ಆಚೆಗಿನವಕ್ಕೆ ನಾಲ್ಕು ಬೈಟುಗಳು ಬೇಕು.

ಕಪ್ಪು ಮತ್ತು ಬಿಳಿ ಬೊಟ್ಟುಗಳು ಪಟ್ಟಿಯ ಹಳೆಯ ಭಾಗದಲ್ಲಿವೆ. ಕಪ್ಪುಬೊಟ್ಟು 226, 154, 171 ಎಂದು ಮೂರೇ ಬೈಟುಗಳಲ್ಲಿ ಮುಗಿಯುತ್ತದೆ. ಕೆಂಪು ಮತ್ತು ನೀಲಿ ಸೇರಿದ್ದು 2010ರಲ್ಲಿ, ಗಡಿಯಾಚೆಗಿನ ಸ್ಥಾನಗಳಿಗೆ. ಕೆಂಪುಬೊಟ್ಟು 240, 159, 148, 180. ನೀಲಿಬೊಟ್ಟು 240, 159, 148, 181. ಕೊನೆಯ ಅಂಕಿಯೊಂದರಷ್ಟೇ ಅಂತರ!

ಮೈಎಸ್‌ಕ್ಯೂಎಲ್‌ನಲ್ಲಿ ಮೊದಲು ಯುಟಿಎಫ್8 ಎಂಬ ಹೆಸರಿನಿಂದ ಅಳವಟ್ಟ ಅಕ್ಷರಸಂಕೇತ ಒಂದು ಅಕ್ಷರಕ್ಕೆ ಮೂರು ಬೈಟುಗಳಿಗಿಂತ ಹೆಚ್ಚು ಕೊಡುತ್ತಿರಲಿಲ್ಲ. ಹೆಸರು ಪೂರ್ಣದ್ದು, ವಸ್ತು ಮುಕ್ಕಾಲು. ಇದನ್ನು ಮನಗಂಡು 2010ರಲ್ಲಿ, 5.5ನೆಯ ಆವೃತ್ತಿಯ ಸರಣಿಯಲ್ಲಿ, ನಾಲ್ಕು ಬೈಟುಗಳ ಪೂರ್ಣರೂಪವನ್ನು ಯುಟಿಎಫ್8ಎಂಬಿ4 ಎಂಬ ಬೇರೆ ಹೆಸರಿನಿಂದ ಸೇರಿಸಿದರು. ಹಳೆಯ ಹೆಸರಿನ ಅರ್ಥವನ್ನು ಬದಲಿಸದೆ ಉಳಿಸಿದ್ದು ಹಳೆಯ ಕೋಷ್ಟಕಗಳು ಕೆಡದಿರಲೆಂದು; ಆದರೂ ಎಷ್ಟು ಜನ ಎಡವಿದರೆಂಬುದನ್ನು ನೆನೆದರೆ ಅದು ದುಬಾರಿಯ ಎಚ್ಚರಿಕೆಯಾಯಿತೆಂದೇ ನಮ್ಮ ಅಭಿಪ್ರಾಯ.

ನಮ್ಮ ಯಜಮಾನರು ತಿಳಿದವರು. ಕೋಷ್ಟಕಗಳನ್ನು ಹೊಸ ಸಂಕೇತಕ್ಕೆ ಬದಲಾಯಿಸಿಯೇ ಇದ್ದರು. ಬೊಟ್ಟುಗಳು ಕೋಷ್ಟಕದಲ್ಲಿ ಸರಿಯಾಗಿಯೇ ಇದ್ದವು. ಕೆಟ್ಟದ್ದು ಪ್ರತಿ ತೆಗೆಯುವಾಗ. ಈ ತಂತ್ರಾಂಶ ಡಿಸ್ಕಿನ ಬೈಟುಗಳನ್ನು ಇದ್ದಹಾಗೆ ಎತ್ತಿಕೊಳ್ಳುವುದಿಲ್ಲ. ಅದು ಸಾಮಾನ್ಯ ಗಿರಾಕಿಯಂತೆ ದತ್ತಸಂಚಯದ ಬಾಗಿಲಿಗೆ ಬಂದು, ‘ನನಗೆ ಉತ್ತರಗಳನ್ನು ಇಂಥ ಸಂಕೇತದಲ್ಲಿ ಕೊಡು’ ಎಂದು ಹೇಳಿ, ಕೋಷ್ಟಕಗಳ ಸಾಲುಗಳನ್ನು ಕೇಳಿ ಪಡೆದು, ಅವನ್ನು ಮತ್ತೆ ತುಂಬಲು ಬೇಕಾದ ಆಜ್ಞೆಗಳ ರೂಪದಲ್ಲಿ ಬರೆದಿಡುತ್ತದೆ. ಯಾರೂ ಬೇರೆ ಹೇಳದಿದ್ದರೆ 5.7ನೆಯ ಆವೃತ್ತಿಯಲ್ಲಿಯೂ ಅದು ಕೇಳುತ್ತಿದ್ದುದು ಹಳೆಯ ಮೂರು ಬೈಟುಗಳ ಸಂಕೇತವನ್ನೇ. ದತ್ತಸಂಚಯ ವಿಧೇಯವಾಗಿ ಅನುವಾದಿಸಿ ಕೊಡುತ್ತದೆ. ಅನುವಾದಕ್ಕೆ ಒಗ್ಗದ ಪ್ರತಿಯೊಂದು ಅಕ್ಷರಕ್ಕೂ ಪ್ರಶ್ನಾರ್ಥಕ ಚಿಹ್ನೆಯನ್ನು, ಎಂದರೆ 63 ಎಂಬ ಒಂದೇ ಬೈಟನ್ನು, ಇಡುತ್ತದೆ. ಎಚ್ಚರಿಕೆಯ ಸದ್ದಿಲ್ಲ. ಕೆಲಸ ಯಶಸ್ವಿಯೆಂದೇ ವರದಿ. ಇನ್ನೂರು ಬೊಟ್ಟುಗಳು ಕಳೆದರೆ ಕಡತ 600 ಬೈಟುಗಳಷ್ಟು ಸಣ್ಣದಾಗುತ್ತದೆ. ಅಷ್ಟನ್ನು ಯಾರು ಗಮನಿಸುತ್ತಾರೆ? 180 ಆಗಲಿ 181 ಆಗಲಿ ಎರಡೂ 63 ಆಗಿಬಿಟ್ಟ ಮೇಲೆ ಕೆಂಪೊಡಲ ನೀಲಿಯಂಚಿಗೂ ನೀಲಿಯೊಡಲ ಕೆಂಪಂಚಿಗೂ ಭೇದವೇ ಉಳಿಯುವುದಿಲ್ಲ.

ಇಂಥ ದೋಷವನ್ನು ಹಿಡಿಯುವುದರಲ್ಲಿ ಒಂದು ತೊಡಕಿದೆ. ಕೆಟ್ಟ ಪ್ರತಿಯನ್ನು ಕಂಡವನು ಮೂಲ ಹೇಗಿತ್ತೆಂದು ನೋಡಲು ಇನ್ನೂ ನಡೆಯುತ್ತಿರುವ ಯಂತ್ರವೊಂದರ ಬಳಿ ಹೋಗುತ್ತಾನೆನ್ನಿ. ಅವನು ನೋಡುವ ಕಿಟಕಿಯೂ ಹಳೆಯ ಸಂಕೇತದಲ್ಲಿಯೇ ಉತ್ತರ ಕೇಳುತ್ತಿದ್ದರೆ ಅಲ್ಲಿಯೂ ಪ್ರಶ್ನಾರ್ಥಕ ಚಿಹ್ನೆಗಳೇ ಕಾಣುತ್ತವೆ. ಮೂಲವೇ ಕೆಟ್ಟಿದೆಯೆಂದು ಅವನು ಕೈಚೆಲ್ಲುತ್ತಾನೆ. ತಂತ್ರಾಂಶ ನಿರ್ದೋಷಿಯಾಗಿ ಪಾರಾಗುತ್ತದೆ. ಹಳದಿ ಕನ್ನಡಕ ಹಾಕಿಕೊಂಡವನು ಎರಡು ಬಟ್ಟೆಗಳ ಬಣ್ಣವನ್ನು ಹೋಲಿಸಿದಂತೆ ಇದು. ಇದಕ್ಕೆ ಉಪಾಯವೆಂದರೆ ಅಕ್ಷರವನ್ನು ಕೇಳದೆ ಅದರ ಬೈಟುಗಳನ್ನೇ ಕೇಳುವುದು. ಮೈಎಸ್‌ಕ್ಯೂಎಲ್‌ನಲ್ಲಿ ಹೆಕ್ಸ್ ಎಂಬ ಆಜ್ಞೆಯಿದೆ. ಅದು ಬೈಟುಗಳನ್ನು ಹದಿನಾರರ ಮಾನದ ಅಂಕೆಗಳಾಗಿ ಬರೆದು ತೋರಿಸುತ್ತದೆ. ಆ ಅಂಕೆಗಳು ಯಾವ ಸಂಕೇತದಲ್ಲಿಯೂ ಕೆಡುವುದಿಲ್ಲ. ಮೂಲದಲ್ಲಿ ನಾಲ್ಕು ಬೈಟುಗಳೂ ಮರಳಿ ತುಂಬಿದ್ದರಲ್ಲಿ 63 ಒಂದೇ ಬೈಟೂ ಕಂಡರೆ ಕಳ್ಳ ಸಿಕ್ಕಿಬಿದ್ದಂತೆಯೇ.

ಇಷ್ಟು ತಿಳಿದಮೇಲೆ ಪರಿಹಾರ ಒಂದು ಸಾಲಿನದು. ಪ್ರತಿ ತೆಗೆಯುವ ಆಜ್ಞೆಯಲ್ಲಿ ‘ಡಿಫಾಲ್ಟ್ ಕ್ಯಾರೆಕ್ಟರ್ ಸೆಟ್’ ಎಂಬ ಆಯ್ಕೆಗೆ ಯುಟಿಎಫ್8ಎಂಬಿ4 ಎಂದು ನಮೂದಿಸಿದರೆ ಮುಗಿಯಿತು. 2018ರಲ್ಲಿ ಬಿಡುಗಡೆಯಾದ 8.0 ಆವೃತ್ತಿಯಿಂದ ಈಚೆಗೆ ತಂತ್ರಾಂಶ ತಾನಾಗಿಯೇ ಪೂರ್ಣ ಸಂಕೇತವನ್ನು ಕೇಳುತ್ತದೆ. 5.7ರ ಪೋಷಣೆ 2023ರ ಅಕ್ಟೋಬರಿನಲ್ಲಿ ನಿಂತಿತು. ಆದರೆ ಪೋಷಣೆ ನಿಂತಿತೆಂದು ಯಂತ್ರ ನಿಲ್ಲುವುದಿಲ್ಲ. ಒಮ್ಮೆ ಬರೆದಿಟ್ಟ ರಾತ್ರಿಯ ಆಜ್ಞೆಯನ್ನು ಮತ್ತೆ ತೆರೆದು ನೋಡುವವರೂ ಕಡಮೆ. ಇನ್ನು ಹಳೆಯ ಪ್ರತಿಗಳಲ್ಲಿ ಈಗಾಗಲೇ 63 ಆಗಿಹೋದದ್ದನ್ನು ಯಾವ ಆಯ್ಕೆಯೂ ಮರಳಿಸಲಾರದು. ಅನುವಾದಕ್ಕೆ ಸಿಕ್ಕದೆ ಡಿಸ್ಕಿನ ಕಡತಗಳನ್ನೇ ಇದ್ದಂತೆ ನಕಲುಮಾಡಿದ ಪ್ರತಿ ಎಲ್ಲಾದರೂ ಇದ್ದರೆ ಅದರಲ್ಲಿ ಬೊಟ್ಟುಗಳು ಸಿಕ್ಕಾವು. ಇಲ್ಲವಾದರೆ ಯಜಮಾನರು ಅಂಗಡಿಗಳಿಗೆ ಒಂದೊಂದಾಗಿ ಫೋನು ಮಾಡಬೇಕಾದೀತು.

ಬಣ್ಣದ ಬೊಟ್ಟುಗಳು ಆಟಿಕೆಗಳೆಂದು ಯಾರಾದರೂ ತಳ್ಳಿಹಾಕುವುದಾದರೆ ಅವರಿಗೆ ಇನ್ನೊಂದು ಮಾತನ್ನು ಹೇಳಬೇಕು. ತುಳುನಾಡಿನ ಓಲೆಗರಿಗಳ ಲಿಪಿ 2024ರ ಸೆಪ್ಟೆಂಬರಿನಲ್ಲಿ, ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ, ತುಳು-ತಿಗಳಾರಿ ಎಂಬ ಹೆಸರಿನಿಂದ ಸೇರಿತು. ಹಳೆಯ ಭಾಗದಲ್ಲಿ ಸ್ಥಳವಿಲ್ಲದ್ದರಿಂದ ಅದರ ಅಕ್ಷರಗಳಿಗೆ ಗಡಿಯಾಚೆಯಲ್ಲಿ ಸ್ಥಾನ ದೊರೆತಿದೆ. ಅದರ ಅಕಾರ 240, 145, 142, 128: ನಾಲ್ಕು ಬೈಟುಗಳು. ಓಲೆಗರಿಯ ಪಾಠವೊಂದನ್ನು ಈ ಲಿಪಿಯಲ್ಲಿಯೇ ಗಣಕಕ್ಕೆ ಏರಿಸಿ, ಹಳೆಯ ಆಜ್ಞೆಯಿಂದ ಪ್ರತಿ ತೆಗೆದರೆ ಗ್ರಂಥವಿಡೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಪಕ್ಕದಲ್ಲಿ ಕನ್ನಡ ಲಿಪಿಯಲ್ಲಿ ಬರೆದ ಗ್ರಂಥದ ಹೆಸರು ಮಾತ್ರ ಅಚ್ಚುಕಟ್ಟಾಗಿ ಉಳಿದಿರುತ್ತದೆ. ಕನ್ನಡದ ಮಾದರಿಯಿಂದ ಪರೀಕ್ಷೆ ಮಾಡಿದವರು ತೃಪ್ತರಾಗಿ ಮನೆಗೆ ಹೋಗಿಬಿಡುತ್ತಾರೆ.

ಆದಕಾರಣ ದತ್ತಸಂಚಯವನ್ನು ನೋಡಿಕೊಳ್ಳುವವರು ಪರೀಕ್ಷೆಗೆಂದು ಒಂದು ಸಾಲನ್ನು ಅದರಲ್ಲಿ ಇಟ್ಟಿರುವುದು ಒಳ್ಳೆಯದು: ಒಂದು ರೋಮನ್ ಅಕ್ಷರ, ಒಂದು ಕನ್ನಡ ಅಕ್ಷರ, ಒಂದು ತುಳು-ತಿಗಳಾರಿ ಅಕ್ಷರ. ತಿಂಗಳಿಗೊಮ್ಮೆ ಪ್ರತಿಯನ್ನು ಬೇರೊಂದು ಯಂತ್ರಕ್ಕೆ ತುಂಬಿ ಆ ಸಾಲಿನ ಬೈಟುಗಳನ್ನು ಎಣಿಸಬೇಕು. ಒಂದು, ಮೂರು, ನಾಲ್ಕು: ಒಟ್ಟು ಎಂಟು ಬರಬೇಕು. ಐದು ಬಂದರೆ ಅಂದಿನ ರಾತ್ರಿಯೇ ಆಜ್ಞೆಯನ್ನು ತಿದ್ದತಕ್ಕದ್ದು.