ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಸ್ನಾತಕೋತ್ತರ ಪದವಿ ದೂರವೇ?

ಕಾಸರಗೋಡಿನ ಕನ್ನಡ ಶಾಲೆಗಳ ಬಗ್ಗೆ ಹೆತ್ತವರಲ್ಲಿ ಒಂದು ಭಯ ಬೇರೂರಿದೆ. ಇಲ್ಲಿ ಓದಿದ ಮಗು ಮುಂದೆ ಕಂಪ್ಯೂಟರ್ ವಿಜ್ಞಾನದಲ್ಲಿ ಮೇಲಕ್ಕೆ ಹೋಗಲಾರದು, ಆದುದರಿಂದ ಬೇಗನೆ ಇಂಗ್ಲಿಷ್ ಶಾಲೆಗೆ ಸೇರಿಸುವುದೇ ಲೇಸು ಎಂಬುದು ಅವರ ಎಣಿಕೆ. ಆ ವ್ಯಾಸಂಗದಲ್ಲಿ ಕಲಿಯುವುದೇನು ಎಂದು ತಿಳಿದರೆ ಈ ಭಯದ ತೂಕವೂ ತಿಳಿದೀತು.

ಒಂದು ಉದಾಹರಣೆ ನೋಡಿ. ಅಕಾರಾದಿಯಾಗಿ ಬರೆದ ಹತ್ತು ಲಕ್ಷ ಹೆಸರುಗಳಲ್ಲಿ ಒಂದನ್ನು ಹುಡುಕಬೇಕು. ಮೊದಲಿನಿಂದ ಓದುತ್ತಾ ಹೋದರೆ ಹತ್ತು ಲಕ್ಷ ಸಲವೂ ನೋಡಬೇಕಾದೀತು. ನಡುವಿನ ಹೆಸರನ್ನು ನೋಡಿ, ಬೇಡದ ಅರ್ಧವನ್ನು ಬಿಡುತ್ತಾ ಹೋದರೆ 20 ಸಲ ಸಾಕು. ಏಕೆಂದರೆ ಎರಡನ್ನು 20 ಬಾರಿ ಗುಣಿಸಿದರೆ ಹತ್ತು ಲಕ್ಷ ದಾಟುತ್ತದೆ. ಘಾತಾಂಕದ ಈ ಲೆಕ್ಕವನ್ನು ನಮ್ಮ ಮಕ್ಕಳು ಹೈಸ್ಕೂಲಿನಲ್ಲಿ ಕನ್ನಡದಲ್ಲೇ ಕಲಿಯುತ್ತಾರೆ. ಸ್ನಾತಕೋತ್ತರ ತರಗತಿಯ ಪಾಠಗಳಿಗೂ ಗಣಗಳು, ತರ್ಕ, ಸಂಭವನೀಯತೆ ಮುಂತಾದ ಗಣಿತವೇ ಬುನಾದಿ.

ಭಾರತದಲ್ಲಿ ಈ ಶಿಕ್ಷಣಕ್ಕೆ ನಾಂದಿ ಹಾಡಿದ್ದು ಕಾನ್ಪುರದ ಐ.ಐ.ಟಿ. 1963ರಲ್ಲಿ ಅಲ್ಲಿಗೆ ಐ.ಬಿ.ಎಂ. 1620 ಯಂತ್ರ ಬಂತು. 1965ರಲ್ಲಿ ಪ್ರೊ. ವಿ. ರಾಜಾರಾಮನ್ ಮೊದಲಾದವರು ಎಂ.ಟೆಕ್. ಮಟ್ಟದಲ್ಲಿ ಈ ವಿಷಯದ ಬೋಧನೆ ಆರಂಭಿಸಿದರು. ಇಂದು ಅದಕ್ಕಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯ ನಮ್ಮ ಪೆರಿಯದಲ್ಲೇ ಇದೆ. ಅಲ್ಲಿ ಕಂಪ್ಯೂಟರ್ ವಿಜ್ಞಾನದ ಎಂ.ಎಸ್ಸಿ. ಇದೆ. ಸುರತ್ಕಲ್ಲಿನ ಎನ್.ಐ.ಟಿ.ಯಲ್ಲಿ ಎಂ.ಸಿ.ಎ. ಇದ್ದು, ನಿಮ್ಸೆಟ್ ಪರೀಕ್ಷೆಯ ಮೂಲಕ ಪ್ರವೇಶ ದೊರೆಯುತ್ತದೆ. ಎಂ.ಟೆಕ್. ಬಯಸುವವರು ಗೇಟ್ ಪರೀಕ್ಷೆ ಬರೆಯಬೇಕು. ಎಂ.ಎಸ್ಸಿ., ಎಂ.ಸಿ.ಎ. ಮುಗಿಸಿದವರಿಗೂ ಇದಕ್ಕೆ ಅವಕಾಶವುಂಟು.

ಇಲ್ಲಿ ಹೆತ್ತವರು ಗಮನಿಸಬೇಕಾದ ಮಾತೊಂದಿದೆ. ಹತ್ತನೇ ತರಗತಿಯ ಬಳಿಕ ಪ್ಲಸ್ ಟುವಿನಲ್ಲಿ ಗಣಿತವನ್ನು ಕೈಬಿಟ್ಟರೆ ಈ ಬಾಗಿಲುಗಳಲ್ಲಿ ಹೆಚ್ಚಿನವು ಮುಚ್ಚಿಹೋಗುತ್ತವೆ. ಅಂಕ ಕಡಿಮೆಯಾದೀತೆಂದು ಗಣಿತವಿಲ್ಲದ ವಿಭಾಗಕ್ಕೆ ಸೇರಿ, ಪದವಿಯ ಕೊನೆಗೆ ಪರಿತಪಿಸುವ ಮಕ್ಕಳು ಅನೇಕರಿದ್ದಾರೆ. ಕನ್ನಡ ಓದಿದ್ದರಿಂದ ಆಗುವ ನಷ್ಟಕ್ಕಿಂತ ಈ ನಷ್ಟ ದೊಡ್ಡದು.

ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಗೇಟ್ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿದೆ, ಪಠ್ಯಗ್ರಂಥಗಳೂ ಹಾಗೆಯೇ. ಪ್ಲಸ್ ಟು ಸೇರಿದ ಮಗುವಿಗೆ ಮೊದಲ ಕೆಲವು ತಿಂಗಳು ಕಣ್ಣು ಕತ್ತಲಿಡುವುದು ನಿಜ. ಆಗ ಧೈರ್ಯ ತುಂಬುವುದು ಮನೆಯವರ ಕೆಲಸ; ಹತ್ತನೆಯಲ್ಲೇ ಗಣಿತದ ಇಂಗ್ಲಿಷ್ ಪದಗಳನ್ನು ಕನ್ನಡದ ಜೊತೆಗೆ ಪರಿಚಯಿಸುವುದು ನಮ್ಮಂಥ ಅಧ್ಯಾಪಕರ ಕೆಲಸ. ಎನ್‌ಪಿಟಿಇಎಲ್ ಎಂಬ ಯೋಜನೆಯಲ್ಲಿ ಐ.ಐ.ಟಿ. ಪ್ರಾಧ್ಯಾಪಕರ ಪಾಠಗಳನ್ನು ಮೊಬೈಲಿನಲ್ಲೇ ಉಚಿತವಾಗಿ ಕೇಳಬಹುದು.

ಭಾಷೆಯ ಕೊರತೆಯನ್ನು ಒಂದೆರಡು ವರ್ಷಗಳ ಶ್ರಮದಿಂದ ತುಂಬಿಕೊಳ್ಳಬಹುದು. ಅರ್ಥವಾಗದೆ ಬಾಯಿಪಾಠ ಮಾಡಿದ ಗಣಿತವನ್ನು ಸರಿಪಡಿಸುವುದು ಅಷ್ಟು ಸುಲಭವಲ್ಲ. ಮಗುವಿಗೆ ಲೆಕ್ಕ ಅರ್ಥವಾಗುವ ಭಾಷೆಯಲ್ಲೇ ಕಲಿಯಲಿ. ಮುಂದಿನ ದಾರಿ ಪೆರಿಯಕ್ಕೂ ಇದೆ, ಸುರತ್ಕಲ್ಲಿಗೂ ಇದೆ.