ಬೇಲೂರಿನ ಕಲ್ಲಲ್ಲಿ ಸಹಿ ಇದೆ, ನೆಟ್ಟಲ್ಲಿ ಹೆಸರಿಲ್ಲ

ಬೇಲೂರು ದೇವಸ್ಥಾನ ಕಟ್ಟಿದ್ದು ಯಾರು ಅಂತ ಫೋನಲ್ಲಿ ಒಮ್ಮೆ ಹುಡುಕಿ ನೋಡಿ. ಬಹಳಷ್ಟು ಕಡೆ ಸಿಗೋ ಉತ್ತರ ಒಂದೇ: ಅಮರಶಿಲ್ಪಿ ಜಕಣಾಚಾರಿ. ಕೆಲವು ಪುಟಗಳು ಹಳೇಬೀಡು, ಸೋಮನಾಥಪುರಗಳನ್ನೂ ಅವನ ಲೆಕ್ಕಕ್ಕೇ ಬರೆದುಬಿಡುತ್ತವೆ. ಬೇಲೂರಿನಲ್ಲಿ ದೇವರ ಪ್ರತಿಷ್ಠೆ ಆಗಿದ್ದು 1117ರಲ್ಲಿ. ಸೋಮನಾಥಪುರದ್ದು 1258. ನಡುವೆ 141 ವರ್ಷ! ಒಬ್ಬನೇ ಶಿಲ್ಪಿ, ಒಂದೇ ಉಳಿ. ಯಾರೂ ಒಂದು ವ್ಯವಕಲನ ಮಾಡಿ ನೋಡಿಲ್ಲ.

ನಾನು ತುಮಕೂರಿನವನು. ಜಕಣಾಚಾರಿ ನಮಗೆ ದೂರದ ನೆಂಟ ಇದ್ದ ಹಾಗೆ. ಅವನ ಊರು ಎನ್ನಲಾಗುವ ಕೈದಾಳ ನಮ್ಮೂರಿನ ಪಕ್ಕದಲ್ಲೇ, ಗೂಳೂರಿನ ಹತ್ತಿರ ಇದೆ. ಕತೆ ನಿಮಗೂ ಗೊತ್ತಿರುತ್ತೆ. ಹೆಂಡತಿಯನ್ನು ಊರಲ್ಲೇ ಬಿಟ್ಟು ಹೊರಟ ಜಕಣ ಬೇಲೂರಿಗೆ ಬಂದ. ಅವನನ್ನು ಹುಡುಕಿಕೊಂಡು ಬಂದ ಮಗ ಡಂಕಣ, ತಾನು ಯಾರು ಅಂತ ಹೇಳದೆ, ಅಪ್ಪ ಕೆತ್ತಿದ ಮೂರ್ತಿಯಲ್ಲೇ ದೋಷ ಇದೆ ಅಂದ. ಮೂರ್ತಿಗೆ ಗಂಧ ಬಳಿದರು. ಎಲ್ಲಾ ಒಣಗಿತು, ಹೊಕ್ಕುಳ ಹತ್ತಿರ ಮಾತ್ರ ಒಣಗಲಿಲ್ಲ. ಅಲ್ಲಿ ಒಡೆದು ನೋಡಿದರೆ ಒಳಗಿಂದ ಕಪ್ಪೆ ನೆಗೆಯಿತು. ಜಕಣ ಬಲಗೈ ಕಡಿದುಕೊಂಡ. ಆಮೇಲೆ ಸ್ವಂತ ಊರಲ್ಲಿ ಚೆನ್ನಕೇಶವನ ಗುಡಿ ಕಟ್ಟಿದಾಗ ಕೈ ವಾಪಸ್ ಬಂತು. ಹಾಗಾಗಿ ಊರಿನ ಹೆಸರು ಕೈದಾಳ. ಈ ಕತೆ ಕೇಳಿದಾಗೆಲ್ಲ ನನಗೆ ಈಗಲೂ ಮೈ ಜುಂ ಅನ್ನುತ್ತೆ. 1964ರಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ ಸಿನಿಮಾ ಬಣ್ಣದಲ್ಲಿ ಬಂದ ಮೇಲಂತೂ ಜಕಣ ಅಂದ್ರೆ ಕಲ್ಯಾಣ್ ಕುಮಾರ್ ಅಂತ ನಮ್ಮ ತಾತ ಅಜ್ಜಿಯರ ತಲೆಯಲ್ಲಿ ಕೂತುಬಿಟ್ಟಿತು.

ಕತೆ ಕತೆಯಾಗಿ ಇದ್ದರೆ ನನ್ನದೇನೂ ತಕರಾರಿಲ್ಲ. ಅದು ‘ಇತಿಹಾಸ’ ಅನ್ನೋ ಹೆಡ್ಡಿಂಗ್ ಕೆಳಗೆ ಬಂದಾಗ ಮಾತ್ರ ನನ್ನ ಆಫೀಸ್ ಬುದ್ಧಿ ಎದ್ದೇಳುತ್ತೆ. ಒಂದು ಫೈಲಿನ ಬಗ್ ಹತ್ತು ಫೈಲಿಗೆ ಕಾಪಿ ಆಗಿದ್ದರೆ ಹತ್ತು ಬಗ್ ಅಂತ ಎಣಿಸಲ್ಲ, ಮೊದಲನೆಯದು ಎಲ್ಲಿ ಹುಟ್ಟಿತು ಅಂತ ನೋಡ್ತೀವಿ. ಇಲ್ಲೂ ಅದನ್ನೇ ಮಾಡಿದೆ. ಒಂದು ಪ್ರವಾಸಿ ಪುಟದ ಕಾಗುಣಿತ ತಪ್ಪು ಇನ್ನೂ ನಾಲ್ಕು ಕಡೆ ಹಾಗೇ ಇತ್ತು. ಅಂದ್ರೆ ಐದು ಸಾಕ್ಷಿ ಅಂದುಕೊಂಡಿದ್ದು ನಿಜಕ್ಕೂ ಒಂದೇ ಸಾಕ್ಷಿ. ಎಐಯನ್ನು ಕೇಳಿದರೆ ಅದೂ ಅದೇ ಪುಟಗಳನ್ನು ಓದಿ ಬೆಳೆದ ಮಗು, ಇನ್ನೂ ಚೆಂದದ ಭಾಷೆಯಲ್ಲಿ ಅದನ್ನೇ ಒಪ್ಪಿಸುತ್ತೆ.

ಮೂಲ ಎಲ್ಲಿದೆ? ಕಲ್ಲಿನ ಮೇಲೆ. ಬಿ.ಎಲ್. ರೈಸ್ ಊರೂರಿನ ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಅಂತ ಸಂಪುಟ ಸಂಪುಟವಾಗಿ ಅಚ್ಚು ಮಾಡಿಸಿದರು. ಹಾಸನ ಜಿಲ್ಲೆಯದು 1902ರಲ್ಲಿ ಬಂತು. ಸ್ಕ್ಯಾನ್ ಪ್ರತಿ ಇವತ್ತು ಫೋನಿನಲ್ಲೇ ಪುಕ್ಕಟೆ ಸಿಗುತ್ತೆ, ಓದೋಕೆ ತಾಳ್ಮೆ ಮಾತ್ರ ಬೇಕು. ದೇವಸ್ಥಾನ ಕಟ್ಟಿಸಿದ್ದು ವಿಷ್ಣುವರ್ಧನ, ದೇವರ ಹೆಸರು ವಿಜಯನಾರಾಯಣ. ಕಪ್ಪೆ ಚೆನ್ನಿಗರಾಯನ ಗುಡಿ ರಾಣಿ ಶಾಂತಲೆ ಮಾಡಿಸಿದ್ದು. ಈಗ ಕಾಣುವ ಗೋಪುರ ಹೊಯ್ಸಳರದ್ದೂ ಅಲ್ಲ, 1397ರಲ್ಲಿ ವಿಜಯನಗರದ ಹರಿಹರನ ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ್ದು.

ಇನ್ನು ಶಿಲ್ಪಿಗಳು. ಅವರು ಸಹಿ ಹಾಕಿದ್ದಾರೆ! ಮದನಿಕೆಯರ ಪೀಠದ ಮೇಲೆ ಪುಟ್ಟ ಅಕ್ಷರಗಳಲ್ಲಿ ತಮ್ಮ ಹೆಸರು, ಊರು, ಬಿರುದು ಎಲ್ಲ ಕೆತ್ತಿದ್ದಾರೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಗೈಡ್ ತೋರಿಸೋ ‘ದರ್ಪಣ ಸುಂದರಿ’ ಮುಂದೆ ಸೆಲ್ಫಿ ತಗೊಳ್ಳೋ ನಾವು ಆ ಅಕ್ಷರಗಳ ಕಡೆ ಕ್ಯಾಮೆರಾ ಜೂಮ್ ಮಾಡುವುದೇ ಇಲ್ಲ.

ಇದನ್ನೆಲ್ಲ ಒಂದು ಪುಟಕ್ಕೆ ಸೇರಿಸಿದೆ. ಎರಡೇ ದಿನದಲ್ಲಿ ಯಾರೋ ಅಳಿಸಿ ಹಳೇ ಸಾಲನ್ನೇ ಹಾಕಿದರು. ಅದಕ್ಕೆ ಅಷ್ಟು ಬೇಜಾರಾಗಲಿಲ್ಲ. ಬೇಜಾರಾಗಿದ್ದು ನನ್ನ ಟೀಮಿನ ಗೆಳೆಯನ ಮಾತಿಗೆ. ಅವನ ತಾತ ಗುಡಿಗಳಿಗೆ ಕಲ್ಲು ಕೆತ್ತುತ್ತಿದ್ದವರು.

“ರಾಜರ ಹೆಸರು ಎಲ್ಲಾ ಕಡೆ ಇದೆ ಮಗಾ. ನಮ್ಮೋರದ್ದು ಅಂತ ಇರೋದು ಒಂದೇ ಹೆಸರು. ಅದನ್ನೂ ಕಿತ್ಕೊಳ್ತೀಯಾ?”

ಅವನ ಮಾತಲ್ಲಿ ಸತ್ಯ ಇತ್ತು. ಶಿಲ್ಪಿಗಳಿಗೆ ಸರ್ಕಾರ ಕೊಡೋ ಪ್ರಶಸ್ತಿಯೂ ಜಕಣಾಚಾರಿ ಹೆಸರಲ್ಲೇ ಇದೆ. ನಾನು ವಾದ ಮಾಡಲಿಲ್ಲ. ಸಂಪುಟದ ಆ ಪುಟದ ಸ್ಕ್ರೀನ್‌ಶಾಟ್ ಕಳಿಸಿದೆ, ದಾಸೋಜ, ಚಾವಣ ಇರುವ ಭಾಗ. ತುಂಬಾ ಹೊತ್ತಾದ ಮೇಲೆ ಉತ್ತರ ಬಂತು: “ಇವರೂ ಅಪ್ಪ ಮಗನಾ?”

ಹೌದು. ಆದರೆ ಈ ಅಪ್ಪ ಮಗ ಕೈ ಕಡಿದುಕೊಳ್ಳಲಿಲ್ಲ, ಒಂದೇ ಗುಡಿಯಲ್ಲಿ ಕೆಲಸ ಮಾಡಿ ತಮ್ಮ ತಮ್ಮ ಹೆಸರು ಬರೆದು ಹೋದರು. ಜಕಣ ಡಂಕಣರ ಕತೆಗೆ ಇಂಥದ್ದೇ ಯಾವುದೋ ನೆನಪು ಬೀಜ ಆಗಿತ್ತೇನೋ. ಇದು ನನ್ನ ಊಹೆ ಅಷ್ಟೆ, ದಯವಿಟ್ಟು ಇದನ್ನು ಯಾವ ಪುಟಕ್ಕೂ ಹಾಕಬೇಡಿ.

ಆಮೇಲೆ ಇಬ್ಬರೂ ಕೂತು ತಿದ್ದಿದೆವು. ಜಕಣನನ್ನು ಅಳಿಸಲಿಲ್ಲ, ‘ಜನಪದ ಕತೆ’ ಅಂತ ಬೇರೆ ಭಾಗ ಮಾಡಿ ಕಪ್ಪೆ, ಕೈದಾಳ ಎಲ್ಲವನ್ನೂ ಅಲ್ಲಿಟ್ಟೆವು. ‘ಶಿಲ್ಪಿಗಳು’ ಅನ್ನೋ ಭಾಗದಲ್ಲಿ ಸಹಿ ಇರುವವರ ಹೆಸರು, ಪಕ್ಕದಲ್ಲಿ ಸಂಪುಟದ ಪುಟಸಂಖ್ಯೆ. ಈ ಸಲ ಇನ್ನೂ ಯಾರೂ ಮುಟ್ಟಿಲ್ಲ.

ಈಗ ಅವನಿಗೆ ಹೊಸ ಹುಚ್ಚು. ಬಳ್ಳಿಗಾವಿ ಇರೋದು ಶಿಕಾರಿಪುರ ತಾಲೂಕಿನಲ್ಲಿ, ಶಿರಾಳಕೊಪ್ಪದ ಪಕ್ಕ. ದಾಸೋಜನ ಊರಿನ ಬಗ್ಗೆ ನೆಟ್ಟಲ್ಲಿ ಏನೇನು ಬರೆದಿದ್ದಾರೆ ಅಂತ ರಾತ್ರಿ ಹನ್ನೊಂದಕ್ಕೆ ಲಿಂಕ್ ಕಳಿಸಿ ಕೇಳ್ತಾನೆ, “ಇದಕ್ಕೆ ಶಾಸನ ಎಲ್ಲಿದೆ ಮಗಾ?”