ದರ್ಭೆ ಹಿಡಿದ ಕೈಗೆ ಖಡ್ಗ: ಬೆಳ್ಳಿತೆರೆಯ ಮಯೂರ, ಶಾಸನದ ಮಯೂರ

ಕಾರವಾರದ ರೈಲು ನಿಲ್ದಾಣವಿರುವುದು ಶಿರವಾಡದಲ್ಲಿ. ಅಲ್ಲಿ ಇಳಿದು, ಕಡಲ ಪಕ್ಕದ ಹೆದ್ದಾರಿ ಸೇರಿ ಅಂಕೋಲೆಯ ಕಡೆಗೆ ಸಾಗುವ ಪ್ರಯಾಣಿಕನಿಗೆ ಅರ್ಗಾದ ಬಳಿ ನೌಕಾಪಡೆಯ ವಿಶಾಲವಾದ ನೆಲೆಯೊಂದು ಎದುರಾಗುತ್ತದೆ. 2005ರ ಮೇ 31ರಂದು ಸೇವೆಗೆ ಸೇರಿದ ಈ ನೆಲೆಯ ಹೆಸರು ‘ಕದಂಬ’. ಇದೇ ಜಿಲ್ಲೆಯ ಬನವಾಸಿಯಲ್ಲಿ ಹದಿನಾರು ಶತಮಾನಗಳ ಹಿಂದೆ ಆಳಿದ ರಾಜವಂಶದ ಹೆಸರದು. ಆ ವಂಶದ ಮೂಲಪುರುಷ ಮಯೂರಶರ್ಮ. ಆದರೆ ಕನ್ನಡಿಗರಲ್ಲಿ ಬಹುಮಂದಿ ಅವನನ್ನು ಕಂಡದ್ದು ಶಾಸನದಲ್ಲಲ್ಲ. 1975ರಲ್ಲಿ, ಬೆಳ್ಳಿತೆರೆಯ ಮೇಲೆ, ರಾಜಕುಮಾರ್ ಅವರ ರೂಪದಲ್ಲಿ!

‘ಮಯೂರ’ ಚಿತ್ರಕ್ಕೆ ಆಧಾರ ದೇವುಡು ನರಸಿಂಹಶಾಸ್ತ್ರಿಗಳ ಅದೇ ಹೆಸರಿನ ಕಾದಂಬರಿ. ‘ಮಹಾಬ್ರಾಹ್ಮಣ’, ‘ಮಹಾಕ್ಷತ್ರಿಯ’ಗಳನ್ನು ಕೊಟ್ಟ ಶಾಸ್ತ್ರಿಗಳು 1962ರಲ್ಲಿ ತೀರಿಕೊಂಡರು, ತಮ್ಮ ಮಯೂರನನ್ನು ತೆರೆಯ ಮೇಲೆ ಕಾಣುವ ಭಾಗ್ಯ ಅವರಿಗಿರಲಿಲ್ಲ. ವಿಜಯ್ ನಿರ್ದೇಶಿಸಿ, ಜಿ. ಕೆ. ವೆಂಕಟೇಶ್ ಸಂಗೀತ ನೀಡಿದ ಚಿತ್ರದಲ್ಲಿ ಮಂಜುಳಾ ನಾಯಕಿ. ಸಾಧಾರಣ ತರುಣನೊಬ್ಬನಿಗೆ ತಾನು ಪಲ್ಲವರಿಂದ ರಾಜ್ಯ ಕಳೆದುಕೊಂಡ ಅರಸುಕುಲದ ಕುಡಿಯೆಂಬ ಗುಟ್ಟು ತಿಳಿಯುತ್ತದೆ. ಖಡ್ಗವನ್ನು ಒರೆಯಿಂದ ಸೆಳೆಯುತ್ತಾನೆ.

ಅನ್ಯಾಯಕ್ಕೊಳಗಾದವನು ಹೊಸ ಹೆಸರು ಹೊತ್ತು ಮರಳಿ ಬಂದು ಸೇಡು ತೀರಿಸುವ ಕಥೆಗೆ ಸೋಲದ ಮನಸ್ಸಾದರೂ ಯಾವುದು? 1844ರಲ್ಲಿ ಫ್ರಾನ್ಸಿನ ಅಲೆಕ್ಸಾಂಡ್ರ ಡ್ಯೂಮಾ ‘ಕೌಂಟ್ ಆಫ್ ಮಾಂಟಿ ಕ್ರಿಸ್ಟೊ’ವನ್ನು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಆರಂಭಿಸಿದಾಗ ಓದುಗರು ಮುಂದಿನ ಕಂತಿಗಾಗಿ ಕಾದು ಕುಳಿತರು. ಹದಿನಾಲ್ಕು ವರ್ಷ ಸೆರೆಯಲ್ಲಿ ಕೊಳೆತ ನಾವಿಕ ಎಡ್ಮಂಡ್ ಶ್ರೀಮಂತನಾಗಿ ಮರಳಿ, ವೈರಿಗಳನ್ನು ಒಬ್ಬೊಬ್ಬರನ್ನಾಗಿ ಕೆಡಹುತ್ತಾನೆ. ಆದರೆ ಆ ಬೆಂಕಿ ನಿರಪರಾಧಿ ಬಾಲಕನೊಬ್ಬನನ್ನೂ ಬಲಿ ತೆಗೆದುಕೊಂಡಾಗ, ‘ಸೇಡಿಗೆ ಮಿತಿಯೆಲ್ಲಿ?’ ಎಂಬ ಪ್ರಶ್ನೆ ಅವನನ್ನೇ ಸುಡತೊಡಗುತ್ತದೆ.

ಈ ಪ್ರಶ್ನೆಗೆ ನಮ್ಮ ನಾಡಿನ ಕಲ್ಲೊಂದು ಉತ್ತರ ಹೇಳುತ್ತದೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ, ಪ್ರಣವೇಶ್ವರ ದೇಗುಲದ ಮುಂದೆ ನಿಂತಿರುವ ಕಂಬದಲ್ಲಿ ಕುಬ್ಜನೆಂಬ ಕವಿಯ ಸಂಸ್ಕೃತ ಕಾವ್ಯವಿದೆ. ಮಯೂರನ ಬಳಿಕ ಸುಮಾರು ನೂರು ವರ್ಷಕ್ಕೆ, ಶಾಂತಿವರ್ಮನ ಕಾಲದಲ್ಲಿ ಕಡೆದದ್ದು. ವಂಶಜರು ಬರೆಯಿಸಿದ ಪ್ರಶಸ್ತಿಯಾದ್ದರಿಂದ ಹೊಗಳಿಕೆ ಇಲ್ಲದಿಲ್ಲ. ಆದರೂ ಅದರಲ್ಲಿ ಕಳೆದುಹೋದ ರಾಜಕುಮಾರನಿಲ್ಲ. ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕೆಂದು ಕಂಚಿಯ ಘಟಿಕೆಗೆ ಹೋದ ಬ್ರಾಹ್ಮಣ ವಿದ್ಯಾರ್ಥಿಯಿದ್ದಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳ, ಅಪಮಾನ. ದರ್ಭೆ, ಸಮಿಧೆ, ಸ್ರುಕ್ಕುಗಳನ್ನು ಹಿಡಿದ ಕೈ ಖಡ್ಗವನ್ನು ಹಿಡಿಯುತ್ತದೆ. ಗಡಿಕಾವಲಿನವರನ್ನು ಸೋಲಿಸಿ, ಶ್ರೀಪರ್ವತದವರೆಗಿನ ದುರ್ಗಮ ಕಾಡನ್ನು ಹಿಡಿದು, ಬೃಹದ್ಬಾಣರಿಂದ ಕಪ್ಪ ಪಡೆದ ಅವನನ್ನು ಪಲ್ಲವರು ಅಡಗಿಸಲಾರದೆ ಹೋದರು.

ಮುಂದೆ ನಡೆದುದೇ ವಿಶೇಷ. ಮಯೂರ ಕಂಚಿಯನ್ನು ಸುಡಲಿಲ್ಲ. ಪಲ್ಲವರು ಸಂಧಿಗೆ ಕೈ ಚಾಚಿದರು. ಅವನು ಅದನ್ನು ಒಪ್ಪಿದ, ಅವರ ಸೇವೆಯಲ್ಲಿ ಪರಾಕ್ರಮ ತೋರಿ ಅವರಿಂದಲೇ ಪಟ್ಟಬಂಧ ಪಡೆದ. ಯಾರ ಸವಾರ ಅವಮಾನಿಸಿದನೋ ಅವರ ಕೈಯಿಂದಲೇ ಕಿರೀಟ! ಇದಕ್ಕಿಂತ ದೊಡ್ಡ ಸೇಡು ಇನ್ನುಂಟೆ?

ಚಿತ್ರಕ್ಕೆ ರಾಜರಕ್ತ ಏಕೆ ಬೇಕಾಯಿತೆಂಬುದು ಊಹಿಸಲಾಗದ ಮಾತಲ್ಲ. ಕಳೆದುಕೊಂಡದ್ದನ್ನು ಮರಳಿ ಪಡೆಯುವ ನಾಯಕನಿಗೆ ಪ್ರೇಕ್ಷಕನ ಚಪ್ಪಾಳೆ ಸುಲಭವಾಗಿ ಒಲಿಯುತ್ತದೆ. ಮೂರು ಗಂಟೆಯ ಆಟದಲ್ಲಿ ಸಂಧಿಪತ್ರಕ್ಕಿಂತ ಕತ್ತಿವರಸೆ ಶೋಭಿಸುತ್ತದೆ. ಕನ್ನಡಿಗರ ಮೊದಲ ಅರಸನನ್ನು ಮನೆಮನೆಯ ಮಾತಾಗಿಸಿದ ಉಪಕಾರ ಆ ಚಿತ್ರದ್ದೇ ಸರಿ. ಆದರೆ ಹುಟ್ಟಿನಿಂದ ಬಂದ ಹಕ್ಕಿಲ್ಲದೆ, ಸ್ವಂತ ತೋಳಿನಿಂದಲೂ ವಿವೇಕದಿಂದಲೂ ರಾಜ್ಯ ಕಟ್ಟಿದ ವಿದ್ಯಾರ್ಥಿ ನಮ್ಮ ಮಕ್ಕಳಿಗೆ ಇನ್ನಷ್ಟು ಹತ್ತಿರದವನಲ್ಲವೆ?

ಅವನಿಗೆ ದೊರೆತ ನಾಡಿನ ಒಂದು ಎಲ್ಲೆಯನ್ನು ಶಾಸನ ‘ಅಮರಾರ್ಣವ’ ಎನ್ನುತ್ತದೆ. ಅದು ಪಶ್ಚಿಮ ಸಮುದ್ರವೆಂದು ವಿದ್ವಾಂಸರ ವಿವರಣೆ. ಕದಂಬರ ಹೆಸರು ಹೊತ್ತ ನೆಲೆ ಇಂದು ಆ ಸಮುದ್ರದ ದಂಡೆಯಲ್ಲೇ ಕಾವಲು ನಿಂತಿದೆ.